ಕಾವಲು ನಾಯಿಯ ಮರಿ: ರಾತ್ರಿಯ ಪಾಲನೆಯೂ ಶುಚಿಯ ಅಭ್ಯಾಸವೂ

ಕಣದ ರಾಶಿಗೂ ಕುರಿದೊಡ್ಡಿಗೂ ತೋಟದ ಮನೆಗೂ ನಾಯಿಗಿಂತ ಕಡಿಮೆ ಖರ್ಚಿನ ಕಾವಲು ಬೇರೊಂದಿಲ್ಲವೆಂಬುದು ರೈತರೆಲ್ಲರಿಗೂ ತಿಳಿದ ವಿಷಯವೇ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ನಾಯಿಯಿಲ್ಲದ ತೋಟದ ಮನೆಯು ಅಪೂರ್ವ. ಆದರೆ ಎತ್ತನ್ನು ಕೊಳ್ಳುವಾಗ ಹಲ್ಲು, ಸುಳಿ, ನಡಿಗೆಗಳನ್ನು ನೋಡಿ ಹತ್ತು ಜನರನ್ನು ವಿಚಾರಿಸುವ ಯಜಮಾನರೇ, ನಾಯಿಮರಿಯನ್ನು ತಂದ ದಿನ ಅದರ ಕೊರಳಿಗೆ ಹಗ್ಗವನ್ನು ಹಾಕಿ, ಜಗಲಿಯ ಕಂಬಕ್ಕೋ ಕೊಟ್ಟಿಗೆಯ ಗೂಟಕ್ಕೋ ಕಟ್ಟಿ ಮಲಗುವುದುಂಟು. ಮರಿಯು ಇರುಳೆಲ್ಲ ಕೂಗುತ್ತದೆ. ನಿದ್ದೆಗೆಟ್ಟವರು ಅದನ್ನು ಹೊಡೆಯುತ್ತಾರೆ. ಬೆಳಿಗ್ಗೆ ನೆಲವು ಕೊಳೆಯಾಗಿರುವುದನ್ನು ಕಂಡು ಮತ್ತೊಮ್ಮೆ ಹೊಡೆಯುತ್ತಾರೆ. ಹೀಗೆ ಬೆಳೆದ ನಾಯಿಯು ಅಂಜುಬುರುಕವಾಗುವುದು, ಇಲ್ಲವೆ ಮನೆಯವರನ್ನೇ ಕಚ್ಚುವ ಸ್ವಭಾವವನ್ನು ಪಡೆಯುವುದು. ರಾತ್ರಿಯ ಕೂಗು, ನೆಲದ ಕೊಳೆ ಇವೆರಡಕ್ಕೂ ಮದ್ದು ಒಂದೇ: ಆರಂಭದ ಕೆಲವು ವಾರಗಳಲ್ಲಿ ಮರಿಯನ್ನು ಕದವಿರುವ ಜಾಗದಲ್ಲಿ, ಜನರ ಹತ್ತಿರ ಮಲಗಿಸಿ, ಹೊತ್ತಿಗೆ ಸರಿಯಾಗಿ ಹೊರಗೆ ಕರೆದೊಯ್ಯುವುದು.

ಮರಿಯು ಕೂಗುವುದೇಕೆ?

ಹುಟ್ಟಿದಂದಿನಿಂದ ಮರಿಯು ತಾಯಿಯ ಹೊಟ್ಟೆಗೂ ಒಡಹುಟ್ಟಿದ ಮರಿಗಳಿಗೂ ಒತ್ತಿಕೊಂಡು ಮಲಗಿರುತ್ತದೆ. ಒಂಟಿಯಾಗಿ ಮಲಗುವುದು ಅದಕ್ಕೆ ತಿಳಿಯದು. ಗುಂಪಿನಿಂದ ತಪ್ಪಿದ ಮರಿಯು ಕೂಗಿ ತಾಯಿಯನ್ನು ಕರೆಯುವುದು ಸೃಷ್ಟಿನಿಯಮ. ಇದನ್ನು ಹಟವೆಂದು ತಿಳಿಯಕೂಡದು. ನಮ್ಮ ಕಡೆಯ ನಾಯಿಗಳು ಹೆಚ್ಚಾಗಿ ಮಳೆಗಾಲ ಕಳೆದ ಮೇಲೆ ಈಯುವುದರಿಂದ, ಮರಿಗಳು ಬೇರೆ ಮನೆ ಸೇರುವ ಕಾಲಕ್ಕೆ ಮಾರ್ಗಶಿರ, ಪುಷ್ಯ ಮಾಸಗಳ ಚಳಿಯೂ ಬಂದಿರುತ್ತದೆ. ಆದುದರಿಂದ ಒಂಟಿತನದೊಡನೆ ಚಳಿಯೂ ಕೂಗಿಗೆ ಕಾರಣವಾಗುತ್ತದೆ.

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಕಚ್ಚುವುದಕ್ಕೆ ಮಿತಿಯುಂಟೆಂಬುದನ್ನು ಮರಿಯು ತಾಯಿಯಿಂದಲೂ ಜೊತೆಯ ಮರಿಗಳಿಂದಲೂ ಕಲಿಯುವುದು ಈ ಅವಧಿಯಲ್ಲಿಯೇ. ಬಾಗಲಕೋಟೆ ಜಿಲ್ಲೆಯಿಂದ ಮುಧೋಳ ತಳಿಯ ಮರಿಯನ್ನು ತರಿಸುವವರು ದೂರದ ಪ್ರಯಾಣದ ಆಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಬೆಳಕಿರುವಾಗಲೇ ಅದು ಮನೆಯನ್ನು ತಲಪುವಂತೆ ಏರ್ಪಡಿಸುವುದು ಒಳ್ಳೆಯದು. ಹಗಲಿನಲ್ಲಿ ಜಾಗವನ್ನು ಮೂಸಿ ನೋಡಿದ ಮರಿಗೆ ರಾತ್ರಿಯ ಭಯವು ಕಡಿಮೆ.

ಹೊರಗೆ ಕಟ್ಟುವುದರಿಂದಾಗುವ ಅಪಾಯ

ಜನರು ಕಿರುಬವೆಂದು ಕರೆಯುವ ಚಿರತೆಯು ಈ ನಾಲ್ಕು ತಾಲ್ಲೂಕುಗಳಿಗೆ ಹೊಸದಲ್ಲ. ಕಾವೇರಿ, ಹೇಮಾವತಿಗಳ ನೀರಿನಿಂದ ಬೆಳೆಯುವ ಕಬ್ಬು ಅದಕ್ಕೆ ಮರೆಯಾಗುತ್ತದೆ. ಪಾಂಡವಪುರ ಮತ್ತು ನಾಗಮಂಗಲದ ಕಡೆಯ ಬಂಡೆಗುಡ್ಡಗಳು ಮನೆಯಾಗುತ್ತವೆ. ಮೇಲುಕೋಟೆಯ ಸುತ್ತಣ ಕಾಡನ್ನು ತೋಳಗಳ ರಕ್ಷಣೆಗಾಗಿ ೧೯೭೪ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಚಿರತೆಗೆ ನಾಯಿಯ ಮೇಲೆ ವಿಶೇಷವಾದ ಆಸೆ. ಕಟ್ಟಿಹಾಕಿದ ಮರಿಯು ಓಡಲಾರದು. ಕೂಗುತ್ತ ತಾನಿರುವ ಜಾಗವನ್ನು ತಾನೇ ಸಾರಿಕೊಳ್ಳುತ್ತದೆ. ಒಮ್ಮೆ ಸುಲಭವಾಗಿ ಬೇಟೆ ದೊರೆತ ಅಂಗಳಕ್ಕೆ ಚಿರತೆಯು ಮತ್ತೆ ಬರಬಹುದು. ಆಗ ಕರುವಿಗೂ ಕುರಿಗೂ ಮನೆಯ ಮಕ್ಕಳಿಗೂ ಅಪಾಯ. ಕಾವಲಿಗೆಂದು ತಂದ ಮರಿಯೇ ಹೀಗೆ ಚಿರತೆಯನ್ನು ಬಾಗಿಲಿಗೆ ಕರೆತಂದಂತಾಗುತ್ತದೆ.

ಮಲಗುವ ಸ್ಥಳ

ಒಳಗೆ ಮಲಗಿಸಬೇಕೆಂದರೆ ಅಡಿಗೆಯ ಮನೆಗೋ ದೇವರ ಮನೆಗೋ ಬಿಡಬೇಕೆಂದರ್ಥವಲ್ಲ. ಕದವಿರುವ ಪಡಸಾಲೆ, ಮುಚ್ಚಿದ ಜಗಲಿ, ಆಳು ಮಲಗುವ ಕೊಟ್ಟಿಗೆಯ ಮಗ್ಗುಲ ಕೋಣೆ ಇವುಗಳಲ್ಲಿ ಯಾವುದಾದರೂ ಸಾಕು. ಮರದ ಪೆಟ್ಟಿಗೆಯೊಂದನ್ನು ಮಗ್ಗುಲಾಗಿ ಇಟ್ಟು, ಒಣಹುಲ್ಲಿನ ಮೇಲೆ ಗೋಣಿಚೀಲವನ್ನು ಹಾಸಬೇಕು. ಮರಿಯು ಎದ್ದು ನಿಂತು ಸುತ್ತ ತಿರುಗಿ ಮಲಗುವಷ್ಟು ಮಾತ್ರ ಜಾಗವಿರಲಿ. ತಾಯಿ ನಾಯಿಯು ಮಲಗಿದ್ದ ಬಟ್ಟೆಯ ಒಂದು ತುಂಡನ್ನು ಮರಿಯೊಡನೆ ಕೇಳಿ ತಂದು ಹಾಸಿಗೆಯಲ್ಲಿಟ್ಟರೆ ಪರಿಚಿತವಾದ ವಾಸನೆಯಿಂದ ಅದಕ್ಕೆ ಸಮಾಧಾನವಾಗುವುದು.

ಮೊದಲ ವಾರ ಮನೆಯವರಲ್ಲೊಬ್ಬರು ಪೆಟ್ಟಿಗೆಯ ಹತ್ತಿರ, ಕೈ ಎಟುಕುವಷ್ಟು ದೂರದಲ್ಲಿ ಮಲಗತಕ್ಕದ್ದು. ಮರಿಯು ಮಲಗಿದೊಡನೆ ಕೊಂಚ ಕೂಗಿದರೆ, ಕೈಯನ್ನು ಅದರ ಪಕ್ಕದಲ್ಲಿಟ್ಟು ಮೆಲ್ಲನೆ ಮಾತನಾಡಿಸಿದರೆ ಸಾಕು. ಎತ್ತಿಕೊಂಡು ಆಡಿಸುವುದಾಗಲಿ ತಿನ್ನಲು ಕೊಡುವುದಾಗಲಿ ಕೂಡದು. ಕೂಗಿದರೆ ತಿಂಡಿ ಸಿಕ್ಕುವುದೆಂಬ ಪಾಠವನ್ನು ಮರಿಯು ಬೇಗನೆ ಕಲಿಯುತ್ತದೆ. ಎರಡು ಮೂರು ಗಂಟೆ ನಿದ್ರಿಸಿ ಎದ್ದು ಕೂಗುವುದು ಬೇರೆ ವಿಷಯ. ಅದು ಹೊರಗೆ ಹೋಗಬೇಕೆಂಬ ಸೂಚನೆ, ಅದನ್ನು ಅಲಕ್ಷಿಸಬಾರದು. ಮರಿಯು ನೆಮ್ಮದಿಯಾಗಿ ಮಲಗಲು ಕಲಿತ ಮೇಲೆ ಪೆಟ್ಟಿಗೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತ, ಅದು ಮುಂದೆ ಖಾಯಮ್ಮಾಗಿ ಮಲಗಬೇಕಾದ ಸ್ಥಳಕ್ಕೆ ಒಯ್ಯಬಹುದು.

ಶುಚಿಯ ಅಭ್ಯಾಸ

ನಾಯಿಯು ತಾನು ಮಲಗುವ ಜಾಗವನ್ನು ತಾನಾಗಿ ಕೊಳೆ ಮಾಡುವ ಪ್ರಾಣಿಯಲ್ಲ. ಮೂರು ವಾರದ ಮರಿಯೇ ತಾಯಿಯ ಮಗ್ಗುಲನ್ನು ಬಿಟ್ಟು ತೆವಳಿ ಆಚೆಗೆ ಹೋಗಲು ಯತ್ನಿಸುತ್ತದೆ. ಗಿಡ್ಡ ಹಗ್ಗದಿಂದ ಕಟ್ಟಿದ ಮರಿಗೆ ಹೀಗೆ ಆಚೆಗೆ ಹೋಗುವ ದಾರಿಯಿಲ್ಲದೆ, ಕೊಳೆಯಲ್ಲಿಯೇ ಮಲಗುವ ಅಭ್ಯಾಸವಾಗುತ್ತದೆ. ಒಮ್ಮೆ ಕೆಟ್ಟ ಈ ಗುಣವನ್ನು ಸರಿಪಡಿಸುವುದು ಬಹು ಪ್ರಯಾಸದ ಕೆಲಸ.

ಎರಡು ತಿಂಗಳ ಮರಿಯು ಸುಮಾರು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರವನ್ನು ತಡೆಯಲಾರದು. ಮೂರು ತಿಂಗಳಿಗೆ ಸುಮಾರು ನಾಲ್ಕು ಗಂಟೆ. ಆದುದರಿಂದ ನಿದ್ದೆಯಿಂದ ಎದ್ದೊಡನೆ, ಉಂಡ ಹತ್ತು ಹದಿನೈದು ನಿಮಿಷಗಳಲ್ಲಿ, ಆಟವಾಡಿದ ಮೇಲೆ, ಮಲಗುವುದಕ್ಕೆ ಮುಂಚೆ, ಮತ್ತು ರಾತ್ರಿಯಲ್ಲಿ ಒಂದೆರಡು ಸಲ ಅದನ್ನು ಹಿತ್ತಲಿನ ಗೊತ್ತಾದ ಒಂದೇ ಮೂಲೆಗೆ ಕರೆದೊಯ್ಯಬೇಕು. ಮನೆಯವರೆಲ್ಲರೂ “ಹೊರಗೆ” ಎಂಬ ಒಂದೇ ಮಾತನ್ನು ಬಳಸುವುದು ಮೇಲು. ಅಲ್ಲಿ ಕೆಲಸವನ್ನು ಮುಗಿಸಿದೊಡನೆ ಬೆನ್ನು ತಟ್ಟಿ, ಮುದ್ದೆಯ ಚೂರೊಂದನ್ನು ಕೊಡಬೇಕು. ಮನೆಯೊಳಕ್ಕೆ ಬಂದ ಮೇಲೆ ಕೊಟ್ಟ ಬಹುಮಾನದಿಂದ ಪ್ರಯೋಜನವಿಲ್ಲ. ರಾತ್ರಿಯಲ್ಲಿ ಮಾತ್ರ ಆಟ, ತಿಂಡಿಗಳಿಲ್ಲದೆ ಸದ್ದಿಲ್ಲದೆ ಹೊರಗೆ ಒಯ್ದು ತಂದು ಮಲಗಿಸಬೇಕು. ಆಗ ದೀಪವನ್ನು ಹಿಡಿದು, ಸುತ್ತಲೂ ನೋಡಿ, ಮರಿಯನ್ನು ಬಿಡದೆ ಜೊತೆಯಲ್ಲಿಯೇ ನಿಲ್ಲತಕ್ಕದ್ದು.

ಉಣಿಸನ್ನು ದಿನಕ್ಕೆ ಮೂರು ನಾಲ್ಕು ಸಲ, ಗೊತ್ತಾದ ಹೊತ್ತಿನಲ್ಲಿ ಕೊಟ್ಟರೆ ಹೊರಗೆ ಹೋಗುವ ಹೊತ್ತೂ ಗೊತ್ತಾಗುತ್ತದೆ. ಕಡೆಯ ಉಣಿಸನ್ನು ದೀಪ ಹಚ್ಚುವ ವೇಳೆಗೆ ಮುಗಿಸಬೇಕು. ರಾಗಿ ಅಂಬಲಿ, ಅನ್ನ, ಬೇಯಿಸಿದ ಮೊಟ್ಟೆ ಇವು ಹಿತ. ಹಾಲನ್ನು ಅತಿಯಾಗಿ ಕೊಟ್ಟರೆ ಭೇದಿಯಾಗಿ ಕಲಿಸಿದ್ದೆಲ್ಲ ವ್ಯರ್ಥವಾಗುವುದು.

ಶಿಕ್ಷೆಯಿಂದ ಪ್ರಯೋಜನವಿಲ್ಲ

ಕೊಳೆ ಮಾಡಿದ ಜಾಗಕ್ಕೆ ಮರಿಯ ಮೂತಿಯನ್ನು ಉಜ್ಜಿ ಹೊಡೆಯುವ ಪದ್ಧತಿಯು ಅನೇಕ ಗ್ರಾಮಗಳಲ್ಲಿದೆ. ಎಷ್ಟೋ ಹೊತ್ತಿನ ಹಿಂದೆ ಮಾಡಿದ ಕೆಲಸಕ್ಕೂ ಈಗ ಬೀಳುವ ಪೆಟ್ಟಿಗೂ ಇರುವ ಸಂಬಂಧವು ಮರಿಗೆ ತಿಳಿಯದು. ಯಜಮಾನನು ಹತ್ತಿರ ಬಂದರೆ ಪೆಟ್ಟು ಬೀಳುವುದೆಂದಷ್ಟೇ ಅದು ಕಲಿಯುತ್ತದೆ; ಮುಂದೆ ಅವನ ಕಣ್ಣಿಗೆ ಬೀಳದಂತೆ ಮೂಟೆಗಳ ಹಿಂದೆ ಹೋಗಿ ಅದೇ ಕೆಲಸವನ್ನು ಮಾಡುತ್ತದೆ. ಮರಿಯು ನೆಲವನ್ನು ಮೂಸುತ್ತ ಸುತ್ತುವುದನ್ನು ಕಂಡ ಕೂಡಲೆ ಎತ್ತಿ ಹೊರಗೆ ಒಯ್ಯುವುದೇ ಸರಿಯಾದ ಮಾರ್ಗ. ವಾಸನೆಯು ಉಳಿದರೆ ಅದೇ ಜಾಗಕ್ಕೆ ಮತ್ತೆ ಹೋಗುವುದರಿಂದ, ಮಣ್ಣಿನ ನೆಲವಾದರೆ ನೆನೆದ ಮಣ್ಣನ್ನು ಕೆತ್ತಿ ತೆಗೆದು ಬೂದಿಯನ್ನು ಹಾಕಬೇಕು. ಸಿಮೆಂಟಿನ ನೆಲವನ್ನು ಸೋಪಿನ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಮೇಲೆ ಸಗಣಿ ಸಾರಿಸಿದ ಮಾತ್ರಕ್ಕೆ ಕೆಳಗಿನ ವಾಸನೆಯು ಹೋಗದು.

ಕುರಿಗಳ ಆರೋಗ್ಯಕ್ಕೂ ಇದಕ್ಕೂ ಇರುವ ಸಂಬಂಧ

ನಾಯಿಯು ಎಲ್ಲಿ ಮಲವಿಸರ್ಜನೆ ಮಾಡಿದರೇನೆಂದು ಕುರಿ ಸಾಕುವವರು ಉದಾಸೀನ ಮಾಡುವಂತಿಲ್ಲ. ಸತ್ತ ಅಥವಾ ಕೊಯ್ದ ಕುರಿಯ ಹಸಿ ತಲೆಯನ್ನು ತಿಂದ ನಾಯಿಯ ಕರುಳಿನಲ್ಲಿ ಒಂದು ಬಗೆಯ ಲಾಡಿಹುಳು ಬೆಳೆಯುವುದುಂಟು. ಅದರ ಮೊಟ್ಟೆಗಳು ಮಲದೊಡನೆ ಹುಲ್ಲಿಗೆ ಬಿದ್ದು ಕುರಿಯ ಹೊಟ್ಟೆಯನ್ನು ಸೇರಿದರೆ, ಮರಿಹುಳುಗಳು ಕುರಿಯ ಮಿದುಳಿಗೆ ಹೋಗಿ ಅಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತವೆ. ಅಂಥ ಕುರಿಯು ತಲೆಯನ್ನು ಓರೆಮಾಡಿ ಒಂದೇ ಕಡೆಗೆ ಸುತ್ತುತ್ತ, ಮೇವನ್ನು ಬಿಟ್ಟು ಸಾಯುತ್ತದೆ. ಮತ್ತೊಂದು ಜಾತಿಯ ಲಾಡಿಹುಳುವು ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿಯೂ ಗುಳ್ಳೆಗಳನ್ನುಂಟುಮಾಡುತ್ತದೆ. ಮರಿಗಳಲ್ಲಿ ಸಾಮಾನ್ಯವಾದ ಜಂತುಹುಳುವಿನ ಮೊಟ್ಟೆಗಳು ಅಂಗಳದ ಮಣ್ಣಿನಿಂದ ಮಕ್ಕಳ ಬಾಯಿಯನ್ನು ಸೇರುವುದೂ ಉಂಟು.

ಆದಕಾರಣ ಮರಿಗೆ ಗೊತ್ತುಮಾಡುವ ಮೂಲೆಯು ಹುಲ್ಲಿನ ಮೆದೆ, ಕಣ, ಕುರಿದೊಡ್ಡಿ, ಬಾವಿ ಇವುಗಳಿಂದ ದೂರವಿರತಕ್ಕದ್ದು. ಮಲವನ್ನು ದಿನವೂ ಗುಣಿಯಲ್ಲಿ ಹೂಳತಕ್ಕದ್ದು. ಮರಿತನದಲ್ಲಿ ಕಲಿತ ಜಾಗವನ್ನು ನಾಯಿಯು ದೊಡ್ಡದಾದ ಮೇಲೂ ಬಿಡದು. ಕುರಿಯ ಹಸಿ ತಲೆಯನ್ನೂ ಒಳಾಂಗಗಳನ್ನೂ ನಾಯಿಗೆ ಎಂದಿಗೂ ಹಾಕಕೂಡದು. ಪಶುವೈದ್ಯರು ಹೇಳಿದ ಕಾಲಕ್ಕೆ ಹುಳುವಿನ ಔಷಧಿಯನ್ನು ತಪ್ಪದೆ ಕುಡಿಸಬೇಕು.

ಲಸಿಕೆಗಳು

ಆರರಿಂದ ಎಂಟು ವಾರದ ಮರಿಗೆ ಪಾರ್ವೋ ಮೊದಲಾದ ರೋಗಗಳ ಲಸಿಕೆಯನ್ನು ಆರಂಭಿಸಬೇಕು. ಅದು ಪೂರ್ಣವಾಗುವವರೆಗೆ ಬೀದಿಗೆ ಬಿಡದೆ ಸ್ವಂತ ಹಿತ್ತಲಿನಲ್ಲಿಯೇ ಹೊರಗೆ ಕರೆದೊಯ್ಯುವುದು ಕ್ಷೇಮ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಮುಂದುವರಿಸಬೇಕು. ಮರಿಯ ಹಲ್ಲು ತಗುಲಿ ಗಾಯವಾದರೂ ಅಲ್ಪವೆಂದೆಣಿಸದೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗುವುದು ಕರ್ತವ್ಯ. ಈ ರೋಗವು ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಸೆಪ್ಟೆಂಬರ್ ೨೮ನೆಯ ದಿನವು ಈ ರೋಗದ ನಿವಾರಣೆಗಾಗಿ ವಿಶ್ವದಾದ್ಯಂತ ಮೀಸಲಾಗಿರುವುದರಿಂದ, ಗ್ರಾಮದ ಮುಖಂಡರು ಆ ಸುಮಾರಿನಲ್ಲಿ ಪಶುವೈದ್ಯರನ್ನು ಕಂಡು ಊರಿನ ನಾಯಿಗಳಿಗೆಲ್ಲ ಒಂದೇ ದಿನ ಲಸಿಕೆಯಾಗುವಂತೆ ಏರ್ಪಡಿಸುವುದು ಉಚಿತ.

ಸಾರಾಂಶ

೧. ಎಂಟು ವಾರ ತುಂಬಿದ ಮರಿಯನ್ನೇ ತರತಕ್ಕದ್ದು. ಹಗಲಿನಲ್ಲಿ ತರುವುದು ಲೇಸು.
೨. ರಾತ್ರಿ ಹೊರಗೆ ಕಟ್ಟದೆ, ಕದವಿರುವ ಜಾಗದಲ್ಲಿ ಜನರ ಹತ್ತಿರ ಮಲಗಿಸತಕ್ಕದ್ದು.
೩. ಹೊತ್ತಿಗೆ ಸರಿಯಾಗಿ ಒಂದೇ ಮೂಲೆಗೆ ಕರೆದೊಯ್ದು, ಅಲ್ಲಿಯೇ ಮೆಚ್ಚುಗೆ ತೋರಿಸತಕ್ಕದ್ದು.
೪. ಹೊಡೆಯುವುದಾಗಲಿ ಮೂತಿಯನ್ನು ಉಜ್ಜುವುದಾಗಲಿ ಕೂಡದು.
೫. ಮಲವು ಮೇವಿಗೂ ಕುರಿದೊಡ್ಡಿಗೂ ತಗುಲದಂತೆ ನೋಡಿಕೊಳ್ಳತಕ್ಕದ್ದು.

ಹೀಗೆ ನಡೆಸಿದಲ್ಲಿ ಹೆಚ್ಚಿನ ಮರಿಗಳು ಕೆಲವೇ ರಾತ್ರಿಗಳಲ್ಲಿ ಕೂಗನ್ನು ನಿಲ್ಲಿಸುತ್ತವೆ. ನಾಲ್ಕರಿಂದ ಆರು ತಿಂಗಳ ವೇಳೆಗೆ ಶುಚಿಯ ಅಭ್ಯಾಸವೂ ನೆಲೆಗೊಳ್ಳುತ್ತದೆ. ಯಜಮಾನನಲ್ಲಿ ಭಯವಿಲ್ಲದೆ ನಂಬಿಕೆಯಿಟ್ಟು ಬೆಳೆದ ನಾಯಿಯು ರಾತ್ರಿಯಲ್ಲಿ ಬೊಗಳಿದರೆ, ಅದಕ್ಕೆ ಕಾರಣವಿದೆಯೆಂದು ತಿಳಿದು ಮನೆಯವರು ಎದ್ದು ನೋಡಬಹುದು.