ಘಟ್ಟದ ಮೇಲೆ, ಘಟ್ಟದ ಕೆಳಗೆ

ಕರಾವಳಿಯವರು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೊರಟರೆ ‘ಘಟ್ಟದ ಮೇಲೆ ಹೋಗುತ್ತೇವೆ’ ಎನ್ನುತ್ತಾರೆ. ಮಲೆನಾಡಿನವರು ಉಡುಪಿಗೋ ಮಂಗಳೂರಿಗೋ ಹೊರಟರೆ ‘ಘಟ್ಟ ಇಳಿಯುತ್ತೇವೆ’ ಎನ್ನುತ್ತಾರೆ. ಘಟ್ಟದ ‘ಆಚೆ’, ‘ಈಚೆ’ ಎಂಬ ಮಾತನ್ನು ನಾನು ಕೇಳಿದ್ದು ಅಪರೂಪ. ಬಹುಕಾಲ ಇದನ್ನು ಬರಿಯ ರೂಢಿಯೆಂದೇ ತಿಳಿದಿದ್ದೆ. ಸಹ್ಯಾದ್ರಿಯ ವಿಷಯವನ್ನು ಓದುತ್ತ ಹೋದಂತೆ, ಅದರ ಭೂಗೋಳದ ಮುಖ್ಯ ಸಂಗತಿಯೇ ಈ ಆಡುಮಾತಿನಲ್ಲಿ ಅಡಗಿದೆಯೆಂಬುದು ಅರಿವಿಗೆ ಬಂತು.

ಬೆಟ್ಟವೆಂದರೆ ಎರಡು ಮಗ್ಗುಲು. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬೇಕು. ಆದರೆ ಆಗುಂಬೆಯ ದಾರಿಯನ್ನು ನೆನೆಯಿರಿ. ಸೋಮೇಶ್ವರದಿಂದ ೧೪ ತಿರುವುಗಳನ್ನು ದಾಟಿ ಏರಿದ ಬಸ್ಸು ಸುಮಾರು ೬೪೦ ಮೀಟರ್ ಎತ್ತರದಲ್ಲಿರುವ ಆಗುಂಬೆಯನ್ನು ಮುಟ್ಟುತ್ತದೆ. ಇನ್ನು ಅಷ್ಟೇ ಕಡಿದಾದ ಇಳಿತ ಬರಬೇಕೆಂದು ಕಾದವನಿಗೆ ಅದು ಸಿಗುವುದೇ ಇಲ್ಲ. ತೀರ್ಥಹಳ್ಳಿ, ಶಿವಮೊಗ್ಗ, ಅದರಾಚೆಯ ಬಯಲು, ಎಲ್ಲವೂ ಘಟ್ಟದ ಮೇಲೆಯೇ. ಪಡುವಲಿನಿಂದ ಪರ್ವತವಾಗಿ ಕಾಣುವುದು ಮೂಡಲಿನಿಂದ ಬಂದವನಿಗೆ ನೆಲದ ಅಂಚು. ‘ಘಟ್ಟ’ ಎಂಬ ಶಬ್ದಕ್ಕೆ ಮೆಟ್ಟಿಲು, ಸೋಪಾನ ಎಂಬ ಅರ್ಥವೂ ಉಂಟಲ್ಲವೆ?

ಹಿಮಾಲಯ ಹೀಗಲ್ಲ. ಎರಡು ಭೂಫಲಕಗಳು ಒಂದನ್ನೊಂದು ಒತ್ತಿ, ನೆಲ ಮಡಿಕೆ ಮಡಿಕೆಯಾಗಿ ಎದ್ದು ಆದ ಪರ್ವತವದು. ಸಹ್ಯಾದ್ರಿಯ ಕಥೆ ನೆಲ ಬಿರಿದ ಕಥೆ. ಸುಮಾರು ೯ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದ ಪಶ್ಚಿಮ ಪಾರ್ಶ್ವದಿಂದ ಸೀಳಿ ದೂರ ಸರಿಯಿತು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉತ್ತರ ಭಾಗದಲ್ಲಿ ಲಾವಾ ಉಕ್ಕಿ ಪದರ ಪದರವಾಗಿ ಹರಡಿತು. ಮಹಾರಾಷ್ಟ್ರದ ಘಟ್ಟಗಳು ಆ ಕಪ್ಪು ಬಸಾಲ್ಟ್ ಶಿಲೆಯವು; ನಮ್ಮ ಮಲೆನಾಡಿನ ಅಡಿಪಾಯವಾದರೋ ಅದಕ್ಕಿಂತ ಬಹಳ ಪುರಾತನವಾದುದು. ಬಿರಿದ ಅಂಚನ್ನು ಮಳೆಯೂ ಹೊಳೆಗಳೂ ಸವೆಸುತ್ತ ಸವೆಸುತ್ತ ಈ ಕಡಿದಾದ ಗೋಡೆ ಉಳಿಯಿತು. ತಪತಿಯ ದಕ್ಷಿಣದಿಂದ ಕನ್ಯಾಕುಮಾರಿಯ ಸಮೀಪದವರೆಗೆ ಇದರ ಉದ್ದ ಸುಮಾರು ೧೬೦೦ ಕಿಲೋಮೀಟರ್. ನಡುವೆ ದೊಡ್ಡ ಬಾಗಿಲೊಂದೇ, ಸುಮಾರು ೩೦ ಕಿಲೋಮೀಟರ್ ಅಗಲದ ಪಾಲಕ್ಕಾಡ್ ಕಣಿವೆ. ಅದರ ಎರಡೂ ಬದಿಯ ನೀಲಗಿರಿ, ಆನೆಮಲೆಗಳು ಮಾತ್ರ ಬೆಟ್ಟದ ಹೆಸರಿಗೆ ತಕ್ಕಂತೆ ತಲೆಯೆತ್ತಿ ನಿಂತಿವೆ. ೨೬೯೫ ಮೀಟರ್ ಎತ್ತರದ ಆನೆಮುಡಿಯೇ ಇಡೀ ಶ್ರೇಣಿಯ ಶಿಖರ.

ಈ ಅಂಚು ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಮಳೆ ಹಂಚುವುದು. ನೈಋತ್ಯದ ತೇವಗಾಳಿ ಗೋಡೆಗೆ ತಾಗಿ ಮೇಲೇರಿ ತಣಿಯುತ್ತದೆ; ಅಲ್ಲಿಯೇ ಸುರಿಯುತ್ತದೆ. ಆಗುಂಬೆಯ ವರ್ಷದ ಸರಾಸರಿ ಮಳೆ ೭೦೦೦ ಮಿಲಿಮೀಟರನ್ನು ಮೀರುತ್ತದೆ. ಭಾರ ಇಳುಹಿದ ಗಾಳಿ ಪೂರ್ವಕ್ಕೆ ಸಾಗುವಾಗ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ. ಚಿತ್ರದುರ್ಗದ ಬಯಲಿಗೆ ಇದರ ಹತ್ತರಲ್ಲೊಂದು ಪಾಲು ಸಿಕ್ಕರೂ ದೊಡ್ಡದು.

ಎರಡನೆಯದು ನೀರು ಹಂಚುವುದು. ವರಾಹಸ್ವಾಮಿಯ ದಾಡೆಗಳಿಂದ ತುಂಗೆ ಭದ್ರೆಯರೂ, ನೇತ್ರದಿಂದ ನೇತ್ರಾವತಿಯೂ ಹುಟ್ಟಿದರೆಂದು ನಮ್ಮ ಸ್ಥಳಪುರಾಣ. ಕುದುರೆಮುಖದ ಸೀಮೆಯಲ್ಲಿಯೇ ಮೂರರ ಹುಟ್ಟು ಎಂಬುದು ಭೂಗೋಳಕ್ಕೂ ಒಪ್ಪಿತ. ನೇತ್ರಾವತಿ ಅಂಚಿನಿಂದ ಧುಮುಕಿ ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆ ಭದ್ರೆಯರಿಗೆ ಅರಬ್ಬೀ ಸಮುದ್ರ ೧೦೦ ಕಿಲೋಮೀಟರಿಗಿಂತ ಹತ್ತಿರವಿದ್ದರೂ ಅತ್ತ ಬೆನ್ನು ತಿರುಗಿಸುತ್ತಾರೆ. ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯಲ್ಲಿ ಬೆರೆತು, ಸಾವಿರ ಕಿಲೋಮೀಟರಿಗೂ ಹೆಚ್ಚು ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ಮೇಲಿನ ನೆಲವೆಲ್ಲ ಮೂಡಲಿಗೆ ಮೆಲ್ಲನೆ ಓಲಿರುವುದರಿಂದ ಹೀಗೆ. ಮಳೆ ಕಡಿಮೆಯಾದ ಬಯಲಿಗೆ ನೀರು ದೊರೆಯುವುದು ಈ ಓಲಿನಿಂದ. ಮಳೆ ತಡೆದ ಗೋಡೆಯೇ ಹೊಳೆಯನ್ನು ಕಳಿಸಿಕೊಡುತ್ತದೆ. ಹಂಪೆಯ ಬಳಿ ಹರಿಯುವ ನೀರಿಗೂ ಮೂಲ ಈ ಅಂಚಿನ ಕಾಡೇ.

ಕಾಡಿನ ಮಾತನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಶತಮಾನಗಳ ಮಳೆಯಲ್ಲಿ ಕೊಳೆತ ಬಂಡೆ ಇಲ್ಲಿ ದಪ್ಪನೆಯ ಮಣ್ಣಾಗಿ ಇಳಿಜಾರಿನ ಮೇಲೆ ಕುಳಿತಿದೆ. ಬೇರುಗಳು ಅದನ್ನು ಹಿಡಿದಿವೆ. ತರಗೆಲೆ ಮಳೆಯ ಹೊಡೆತವನ್ನು ತಾಳಿಕೊಂಡು ನೀರನ್ನು ಒಳಗಿಳಿಸುತ್ತದೆ. ಹೀಗೆ ಇಂಗಿದ ನೀರೇ ಬೇಸಿಗೆಯಲ್ಲಿ ಒರತೆಯಾಗಿ ಹೊಳೆಗೆ ಬರುವುದು. ಮರ ಕಡಿದು, ರಸ್ತೆಗೆಂದೋ ಮನೆಗೆಂದೋ ಇಳಿಜಾರಿನ ಬುಡವನ್ನು ನೆಟ್ಟಗೆ ಅಗೆದರೆ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಕುಡಿದು ಭಾರವಾದ ಧರೆ ಜರಿಯುತ್ತದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ೨೦೨೪ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ, ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಗುಡ್ಡಗಳು ಜನರ ಮೇಲೆ ಕುಸಿದವು. ಅಸಾಧಾರಣ ಮಳೆ ಕಾರಣವಾಗಿತ್ತು, ನಿಜ. ಕಾಡು ದಟ್ಟವಾಗಿದ್ದಲ್ಲಿಯೂ ಗುಡ್ಡ ಜರಿದದ್ದುಂಟು. ಅಂಚು ಸವೆಯುವುದು ಅದರ ಸ್ವಭಾವ. ಕೋಟಿ ವರ್ಷಗಳ ಸವೆತಕ್ಕೆ ನಾವು ಅವಸರ ಕಲಿಸಬಾರದು, ಅಷ್ಟೆ.

೨೦೧೨ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ ೩೯ ತಾಣಗಳನ್ನು ವಿಶ್ವಪರಂಪರೆಗೆ ಸೇರಿಸಿತು. ಅವುಗಳಲ್ಲಿ ೧೦ ಕರ್ನಾಟಕದವು. ಗೌರವ ದೊಡ್ಡದೇ. ಆದರೆ ಘಟ್ಟದ ಕಾಳಜಿ ಅದರ ಮೇಲೆ ಮನೆ ಮಾಡಿಕೊಂಡವರೊಬ್ಬರದೇ ಎಂದು ಬಯಲಿನ ಪೇಟೆಯವರಾದ ನಾವು ತಿಳಿಯುವಂತಿಲ್ಲ. ತುಂಗಭದ್ರೆಯ ನೀರು ಹರಿದು ಬರುವ ಊರುಗಳೆಲ್ಲ, ಎಷ್ಟೇ ದೂರವಿರಲಿ, ಘಟ್ಟದ ಮೇಲಿನ ಊರುಗಳೇ.

(ಬಾನುಲಿ ಭಾಷಣ)