ಕಾಯುವ ಯುದ್ಧ, ಕಾಯದ ಯುದ್ಧ

ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ನಡೆಯುವ ಚರ್ಚೆಗಳಲ್ಲಿ ಕ್ರಿಕೆಟ್ ಬಿಟ್ಟರೆ ಎರಡನೇ ಸ್ಥಾನ ವಿಡಿಯೊ ಗೇಮುಗಳಿಗೆ. ಹೋದ ತಿಂಗಳು ಅಲ್ಲೊಂದು ಸಣ್ಣ ಜಗಳವೇ ಆಯಿತು. "ಟರ್ನ್-ಬೇಸ್ಡ್ ಗೇಮ್ ಅಂದ್ರೆ ಮುದುಕರ ಆಟ ಕಣೋ. ನೀನು ಯೋಚನೆ ಮಾಡಿ ಹೊಡೆಯೋ ತನಕ ಶತ್ರು ಎದುರಿಗೆ ಸುಮ್ನೆ ನಿಂತು ಕಾಯ್ತಾನಾ?" ಎಂದು ಗೆಳೆಯನೊಬ್ಬ ಕೇಳಿದ. ಎಲ್ಲರೂ ನಕ್ಕರು. ಎರಡು ವರ್ಷಗಳ ಹಿಂದೆ ನಾನೂ ಇದೇ ಮಾತು ಆಡಿದ್ದವನು. ಹಾಗಾಗಿ ಅಂದು ಬಾಯಿ ಬಿಡಲಿಲ್ಲ. ಅಂದು ಹೇಳಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೇಮ್ ಆಡದ ಓದುಗರಿಗಾಗಿ, ವಿಶೇಷವಾಗಿ ನಮ್ಮ ಉಪನ್ಯಾಸಕರಿಗಾಗಿ, ಮೊದಲಿನಿಂದ ಹೇಳುತ್ತೇನೆ. ರೋಲ್-ಪ್ಲೇಯಿಂಗ್ ಗೇಮ್ ಎಂದರೆ ನಾವು ಒಂದು ಪಾತ್ರವಾಗಿ ಕಥೆಯೊಳಗೆ ಹೋಗುವ ಆಟ. ಆ ಪಾತ್ರಕ್ಕೆ ಶಕ್ತಿ, ಚುರುಕು, ಆರೋಗ್ಯ ಎಂದು ಅಂಕಿಗಳಿರುತ್ತವೆ. ಆಡುತ್ತಾ ಹೋದಂತೆ ಆ ಅಂಕಿಗಳು ಬೆಳೆಯುತ್ತವೆ. ದಾರಿಯಲ್ಲಿ ಕಾಳಗಗಳು ಬರುತ್ತವೆ. ಆ ಕಾಳಗವನ್ನು ಹೇಗೆ ನಡೆಸಬೇಕು ಎಂಬಲ್ಲಿ ಆಟಗಳು ಎರಡು ದಾರಿ ಹಿಡಿಯುತ್ತವೆ. ಒಂದರಲ್ಲಿ ಚದುರಂಗದಂತೆ ನನ್ನ ಸರದಿ, ನಿನ್ನ ಸರದಿ. ಇದು ಟರ್ನ್-ಬೇಸ್ಡ್. ಇನ್ನೊಂದರಲ್ಲಿ ಸರದಿ ಎಂಬುದೇ ಇಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ. ಇದು ರಿಯಲ್-ಟೈಮ್.

ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ನಾವು ಲ್ಯಾಬಿನಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆಯುತ್ತೇವಲ್ಲ, ಅದು "ಮೊದಲ ಸಂಖ್ಯೆ ಕೊಡಿ" ಎಂದು ತೋರಿಸಿ ನಿಲ್ಲುತ್ತದೆ. ನೀವು ನೀರು ಕುಡಿದು ಬಂದರೂ ಅದು ಅಲ್ಲೇ ನಿಂತಿರುತ್ತದೆ. ಟರ್ನ್-ಬೇಸ್ಡ್ ಕಾಳಗದ ಒಳಗಿರುವುದು ಇದೇ. ನೀವು ಆಜ್ಞೆ ಕೊಟ್ಟ ಮೇಲೆ ಲೆಕ್ಕ ಮಾಡುತ್ತದೆ, ಫಲ ತೋರಿಸುತ್ತದೆ, ಮತ್ತೆ ಕಾಯುತ್ತದೆ. ರಿಯಲ್-ಟೈಮ್ ಆಟದ ಲೂಪ್ ಯಾರಿಗೂ ಕಾಯುವುದಿಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಸುತ್ತಿಗೆ ಸಿಗುವ ಸಮಯ ಸುಮಾರು 17 ಮಿಲಿಸೆಕೆಂಡ್. ಪ್ರತಿ ಸುತ್ತಿನಲ್ಲೂ "ಗುಂಡಿ ಒತ್ತಿದ್ದಾನಾ?" ಎಂದು ನೋಡುತ್ತದೆ. ಒತ್ತಿಲ್ಲವೆಂದರೆ ಮುಂದಿನ ಸುತ್ತಿಗೆ ಹೋಗುತ್ತದೆ, ಶತ್ರುವೂ ಒಂದು ಹೆಜ್ಜೆ ಮುಂದೆ ಬರುತ್ತಾನೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಬೇಕಾಗುವುದು ಸುಮಾರು 250 ಮಿಲಿಸೆಕೆಂಡ್. ಅಂದರೆ ಅಷ್ಟರಲ್ಲಿ ಆಟ ಹದಿನೈದು ಸುತ್ತು ಮುಗಿಸಿರುತ್ತದೆ. ಅದಕ್ಕೇ ಒಳ್ಳೆಯ ರಿಯಲ್-ಟೈಮ್ ಆಟಗಳಲ್ಲಿ ಶತ್ರು ಹೊಡೆಯುವ ಮೊದಲು ಕತ್ತಿಯನ್ನು ನಿಧಾನವಾಗಿ ಮೇಲೆತ್ತುತ್ತಾನೆ. ಅದು ಅವನ ಸೋಮಾರಿತನವಲ್ಲ, ಆಟ ಮಾಡಿದವರು ನಮಗೆ ಕೊಟ್ಟ ಅವಕಾಶ.

ಸರದಿಯ ಪದ್ಧತಿ ಎಲ್ಲಿಂದ ಬಂತು? 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಹೊರಬಂತು. ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಒಂದು ಮೇಜು, ಕಾಗದ, ಪೆನ್ಸಿಲ್, ದಾಳ ಮತ್ತು ನಾಲ್ಕೈದು ಜನ ಸಾಕು. ಮೇಜಿನ ಸುತ್ತ ಕುಳಿತವರೆಲ್ಲ ಒಟ್ಟಿಗೆ ಮಾತಾಡಿದರೆ ಆಟ ನಡೆಯುವುದಿಲ್ಲ. ಆದ್ದರಿಂದ ಒಬ್ಬರಾದ ಮೇಲೆ ಒಬ್ಬರು. 1981ರಲ್ಲಿ ಬಂದ 'ಅಲ್ಟಿಮಾ', 'ವಿಝರ್ಡ್ರಿ' ಈ ಪದ್ಧತಿಯನ್ನು ಕಂಪ್ಯೂಟರಿಗೆ ತಂದವು. 1986ರಲ್ಲಿ ಜಪಾನಿನ ಯೂಜಿ ಹೋರಿಯಿ ರೂಪಿಸಿದ 'ಡ್ರ್ಯಾಗನ್ ಕ್ವೆಸ್ಟ್' ಅದನ್ನು ಮನೆಮನೆಯ ಟಿವಿಗೆ ತಂದಿತು.

"ಆಗಿನ ಯಂತ್ರಗಳಿಗೆ ಶಕ್ತಿ ಇರಲಿಲ್ಲ, ಅದಕ್ಕೇ ಸರದಿ" ಎಂದು ಹಲವರು ಹೇಳುತ್ತಾರೆ. 'ಡ್ರ್ಯಾಗನ್ ಕ್ವೆಸ್ಟ್' ಬಂದ ಫ್ಯಾಮಿಕಾಮ್ ಯಂತ್ರದ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್ ಎಂಬುದು ನಿಜ. ನಮ್ಮ ಮೊಬೈಲಿನ ಒಂದು ಸಾಧಾರಣ ಫೋಟೊ ಅದಕ್ಕಿಂತ ಸಾವಿರ ಪಟ್ಟು ದೊಡ್ಡದು. ಆದರೆ ಅದೇ ಯಂತ್ರದಲ್ಲಿ ಅದರ ಹಿಂದಿನ ವರ್ಷವೇ 'ಸೂಪರ್ ಮಾರಿಯೊ ಬ್ರದರ್ಸ್' ಓಡಿ, ಜಿಗಿದು, ಜಗತ್ತನ್ನೇ ಗೆದ್ದಿತ್ತು. ಅದು ಪೂರ್ತಿ ರಿಯಲ್-ಟೈಮ್. ಹಾಗಾದರೆ ಸರದಿ ಎಂಬುದು ಯಂತ್ರದ ಬಡತನ ಮಾತ್ರ ಅಲ್ಲ, ತಿಳಿದೇ ಮಾಡಿಕೊಂಡ ಆಯ್ಕೆ ಕೂಡ.

ಈ ಎರಡರ ನಡುವೆ ಗೋಡೆಯೇನೂ ಇಲ್ಲ. 1991ರ 'ಫೈನಲ್ ಫ್ಯಾಂಟಸಿ 4'ರಲ್ಲಿ ಹಿರೋಯುಕಿ ಇಟೊ ಎಂಬ ವಿನ್ಯಾಸಕರು ಹೊಸ ಉಪಾಯ ತಂದರು. ಪ್ರತಿ ಪಾತ್ರಕ್ಕೂ ಒಂದು ಕಾಲಮಾಪಕ. ಚುರುಕು ಹೆಚ್ಚಿದ್ದವರದು ಬೇಗ ತುಂಬುತ್ತದೆ, ತುಂಬಿದಾಗ ಅವರ ಸರದಿ. ನೀವು ತಡ ಮಾಡಿದರೆ ಶತ್ರುವಿನದೂ ತುಂಬುತ್ತದೆ, ಅವನು ಹೊಡೆಯುತ್ತಾನೆ. ಸರದಿಯೂ ಇದೆ, ಅವಸರವೂ ಇದೆ. ಚದುರಂಗಕ್ಕೆ ಗಡಿಯಾರ ಇಟ್ಟ ಹಾಗೆ. 1996ರ ಕೊನೆಗೆ ಬಂದ 'ಡಿಯಾಬ್ಲೊ' ಮೊದಲು ಸರದಿಯ ಆಟವಾಗಿಯೇ ಸಿದ್ಧವಾಗುತ್ತಿತ್ತು. ಅದನ್ನು ರಿಯಲ್-ಟೈಮ್ ಮಾಡುವುದಕ್ಕೆ ತನಗೆ ಮೊದಲು ಮನಸ್ಸಿರಲಿಲ್ಲ ಎಂದು ಅದರ ನಿರ್ಮಾಪಕ ಡೇವಿಡ್ ಬ್ರೆವಿಕ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಯೋಚಿಸಿ ನೋಡಿ: ಸರದಿಯನ್ನು ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು ಮಾಡಿ, ಕಾಯುವುದನ್ನು ತೆಗೆದುಬಿಟ್ಟರೆ ಉಳಿಯುವುದೇ ರಿಯಲ್-ಟೈಮ್. 1998ರ 'ಬಾಲ್ಡರ್ಸ್ ಗೇಟ್' ಮೂರನೇ ದಾರಿ ಹಿಡಿಯಿತು. ಕಾಳಗ ಓಡುತ್ತಿರುತ್ತದೆ, ಆದರೆ ಸ್ಪೇಸ್ ಬಾರ್ ಒತ್ತಿದರೆ ಎಲ್ಲವೂ ನಿಲ್ಲುತ್ತದೆ. ನಿಂತಾಗ ಆರು ಜನರ ತಂಡಕ್ಕೂ ಆಜ್ಞೆ ಕೊಟ್ಟು ಮತ್ತೆ ಓಡಿಸಬಹುದು.

ನಮ್ಮ ಮೈದಾನದ ಆಟಗಳಲ್ಲೂ ಇದೆಲ್ಲ ಇದೆ. ಫುಟ್‌ಬಾಲ್ ರಿಯಲ್-ಟೈಮ್, ಚೆಂಡು ಯಾರಿಗೂ ಕಾಯುವುದಿಲ್ಲ. ಕ್ರಿಕೆಟ್ ನಿಲ್ಲಿಸಿ ಓಡಿಸುವ ಆಟ. ಎರಡು ಎಸೆತಗಳ ನಡುವೆ ನಾಯಕ ಫೀಲ್ಡಿಂಗ್ ಬದಲಿಸುತ್ತಾನೆ, ಚೆಂಡು ಕೈಬಿಟ್ಟ ಮೇಲೆ ಯೋಚಿಸಲು ಸಮಯವಿಲ್ಲ. ಕಬಡ್ಡಿಯಂತೂ ಎರಡನ್ನೂ ಬೆಸೆದಿದೆ. ರೈಡ್ ಮಾಡುವ ಸರದಿ ಒಮ್ಮೆ ನಮ್ಮದು, ಒಮ್ಮೆ ಅವರದು. ಆದರೆ ಆ ಸರದಿಯೊಳಗಿನ 30 ಸೆಕೆಂಡ್ ಪೂರ್ತಿ ರಿಯಲ್-ಟೈಮ್. 2025ರಲ್ಲಿ ಫ್ರಾನ್ಸಿನ ಒಂದು ಹೊಸ ಸಂಸ್ಥೆ ತಂದ 'ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33' ಹೆಚ್ಚುಕಡಿಮೆ ಕಬಡ್ಡಿಯೇ. ಸರದಿಯ ಪ್ರಕಾರ ಆಡಬೇಕು, ಆದರೆ ಶತ್ರುವಿನ ಸರದಿಯಲ್ಲಿ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿ ಏಟು ತಪ್ಪಿಸಿಕೊಳ್ಳಬೇಕು.

ಇನ್ನು "ಸರದಿಯ ಆಟದಲ್ಲಿ ಸವಾಲಿಲ್ಲ" ಎಂಬ ಆರೋಪ. 2023ರಲ್ಲಿ ಬಂದು ದೊಡ್ಡ ದೊಡ್ಡ ಪ್ರಶಸ್ತಿ ಗೆದ್ದ 'ಬಾಲ್ಡರ್ಸ್ ಗೇಟ್ 3' ಸರದಿಯ ಆಟ. ಅಲ್ಲಿ ಹೊಡೆಯುವ ಮೊದಲು 20 ಮುಖದ ದಾಳ ಉರುಳುತ್ತದೆ. 11 ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ ಎಂದುಕೊಳ್ಳಿ. ಸಂಭವನೀಯತೆ 10/20, ಅಂದರೆ ಅರ್ಧ. ಆದರೆ ಅನುಕೂಲದ ಸ್ಥಿತಿ ಇದ್ದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಎರಡೂ ತಪ್ಪುವ ಸಂಭವನೀಯತೆ 1/2 × 1/2 = 1/4. ಹಾಗಾಗಿ ತಗಲುವ ಸಂಭವನೀಯತೆ 3/4. ಈಗ ಪ್ರಶ್ನೆ: ಈ ಸರದಿಯಲ್ಲಿ ಅರ್ಧ ಅವಕಾಶಕ್ಕೆ ಹೊಡೆಯಲೇ, ಅಥವಾ ಮೊದಲು ಅನುಕೂಲ ಮಾಡಿಕೊಂಡು ಮುಕ್ಕಾಲು ಅವಕಾಶಕ್ಕೆ ಹೊಡೆಯಲೇ? ಅಷ್ಟರಲ್ಲಿ ಗಾಯಗೊಂಡ ಸಂಗಾತಿ ಸತ್ತರೆ? ರಿಯಲ್-ಟೈಮ್ ಆಟ ಪರೀಕ್ಷಿಸುವುದು ಕಣ್ಣು, ಕೈ ಮತ್ತು ಅಭ್ಯಾಸವನ್ನು. ಸರದಿಯ ಆಟ ಪರೀಕ್ಷಿಸುವುದು ತೀರ್ಮಾನವನ್ನು. ಅಲ್ಲಿ ಸೋತಾಗ "ಕೈ ತಪ್ಪಿತು" ಎಂದು ನೆಪ ಹೇಳಲಾಗುವುದಿಲ್ಲ. ಒಂಬತ್ತನೇ ಶತಮಾನದಲ್ಲಿ ಅಬ್ಬಾಸಿ ಖಲೀಫರ ಆಸ್ಥಾನದಲ್ಲಿದ್ದ ಅಲ್-ಅದ್ಲಿ ಶತ್ರಂಜ್ ಬಗ್ಗೆ ಪುಸ್ತಕವನ್ನೇ ಬರೆದಿದ್ದ. ನಮ್ಮ ದೇಶದ ಚತುರಂಗ ಪರ್ಷಿಯಾ ದಾಟಿ ಅಲ್ಲಿಗೆ ಹೋಗಿತ್ತು. ಕಾಯುವ ಆಟ ಸುಲಭದ ಆಟವಾಗಿದ್ದರೆ ಅದರ ಮೇಲೆ ಪುಸ್ತಕ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ನಾನು ಮನಸ್ಸು ಬದಲಿಸಿದ್ದು ಏಕೆ ಎಂದು ಹೇಳಬೇಕು. ನನಗೆ ಗೇಮ್ ಕಲಿಸಿದವರು ಮಾಮುವಿನ ಮಗ. ನನಗಿಂತ ಆರು ವರ್ಷ ದೊಡ್ಡವರು, ನಾನು ಅವರನ್ನು ಭಾಯಿ ಎಂದೇ ಕರೆಯುವುದು. ಅವರ ಕೈಯಲ್ಲಿ ಕಂಟ್ರೋಲರ್ ಇದ್ದರೆ ನಾವೆಲ್ಲ ಸುತ್ತ ಕುಳಿತು ನೋಡುತ್ತಿದ್ದೆವು. 'ಡಾರ್ಕ್ ಸೋಲ್ಸ್' ಎಂಬ ಕಠಿಣ ಆಟದಲ್ಲಿ ಒಂದೊಂದು ಏಟನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದರು. ಎರಡು ವರ್ಷಗಳ ಹಿಂದೆ ಬೈಕ್ ಅಪಘಾತದಲ್ಲಿ ಅವರ ಬಲಗೈಗೆ ಪೆಟ್ಟಾಯಿತು. ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಮನೆಗೆ ಬಂದ ಮೇಲೆ ಒಂದು ದಿನ ಅದೇ ಆಟ ಹಾಕಿ ಹತ್ತು ನಿಮಿಷ ಆಡಿದರು. ಹಿಂದೆ ಒಂದೇ ಬಾರಿಗೆ ದಾಟುತ್ತಿದ್ದ ಜಾಗದಲ್ಲಿ ನಾಲ್ಕು ಬಾರಿ ಸತ್ತರು. ಏನೂ ಹೇಳದೆ ಕಂಟ್ರೋಲರನ್ನು ನನ್ನ ಕೈಗಿಟ್ಟು, "ನೀನೇ ಇಟ್ಕೋ" ಎಂದರು. ನಾನು ಆಡುತ್ತೇನೆ, ನೀವು ಹೇಳಿಕೊಡಿ ಎಂದೆ. ಅದೂ ಆಗಲಿಲ್ಲ. ಅವರು "ಎಡಕ್ಕೆ" ಎನ್ನುವಷ್ಟರಲ್ಲಿ ಏಟು ಬಿದ್ದಾಗಿರುತ್ತಿತ್ತು.

ಕೆಲವು ತಿಂಗಳ ನಂತರ ಅವರ ಕಂಪ್ಯೂಟರಿನಲ್ಲಿ 'ಡಿವಿನಿಟಿ: ಒರಿಜಿನಲ್ ಸಿನ್ 2' ಹಾಕಿದೆವು. 'ಬಾಲ್ಡರ್ಸ್ ಗೇಟ್ 3' ಮಾಡಿದ ಬೆಲ್ಜಿಯಂನ ಲಾರಿಯನ್ ಸಂಸ್ಥೆಯೇ 2017ರಲ್ಲಿ ತಂದ ಸರದಿಯ ಆಟ. ಪ್ರತಿ ಸರದಿಗೆ ಸಾಮಾನ್ಯವಾಗಿ ನಾಲ್ಕು ಅಂಕ ಸಿಗುತ್ತವೆ. ನಡೆಯಲು, ಹೊಡೆಯಲು, ಮಂತ್ರ ಹಾಕಲು ಎಲ್ಲದಕ್ಕೂ ಅದರಲ್ಲೇ ಖರ್ಚು. ಉಳಿಸಿದರೆ ಮುಂದಿನ ಸರದಿಗೆ ಸಿಗುತ್ತದೆ. ಭಾಯಿ ಮೌಸನ್ನು ಎಡಗೈಗೆ ಬದಲಿಸಿಕೊಂಡರು. ಮೊದಲ ದೊಡ್ಡ ಕಾಳಗದಲ್ಲಿ ನಾನು ಅವಸರದಿಂದ ಮುಂದೆ ಓಡಿ ಹೊಡೆದೆ. ಅವರು ಹೊಡೆಯಲೇ ಇಲ್ಲ. ಮಳೆ ಬರಿಸಿ ಶತ್ರುಗಳು ನಿಂತ ನೆಲವನ್ನು ಒದ್ದೆ ಮಾಡಿದರು, ಮುಂದಿನ ಸರದಿಯಲ್ಲಿ ಆ ನೀರಿಗೆ ಮಿಂಚು ಬಿಟ್ಟರು. ನಾಲ್ವರು ಶತ್ರುಗಳು ಒಟ್ಟಿಗೆ ಸ್ತಬ್ಧರಾದರು. ಭಾಯಿ ಕುರ್ಚಿಗೆ ಒರಗಿ ನನ್ನ ಕಡೆ ನೋಡಿದ ನೋಟ ಹಳೆಯದೇ. ಅವರ ಆಟ ಬೆರಳಿನಲ್ಲಿತ್ತು ಎಂದು ನಾವು ತಿಳಿದಿದ್ದೆವು. ಅದು ಬೆರಳಿನಲ್ಲಿ ಮಾತ್ರ ಇರಲಿಲ್ಲ.

ಈಗ ಎಷ್ಟೋ ರಿಯಲ್-ಟೈಮ್ ಆಟಗಳೂ ಇಂಥವರನ್ನು ನೆನಪಿಟ್ಟುಕೊಂಡಿವೆ. 2023ರ 'ಫೈನಲ್ ಫ್ಯಾಂಟಸಿ 16'ರಲ್ಲಿ ಪಾತ್ರಕ್ಕೆ ಒಂದು ಉಂಗುರ ತೊಡಿಸಿದರೆ ಏಟು ಬೀಳುವ ಮುನ್ನ ಸಮಯ ನಿಧಾನವಾಗುತ್ತದೆ, ಇನ್ನೊಂದು ಉಂಗುರ ತೊಡಿಸಿದರೆ ಪಾತ್ರ ತಾನೇ ತಪ್ಪಿಸಿಕೊಳ್ಳುತ್ತದೆ. ಭಾಯಿಗೆ ಅದು ಅಷ್ಟು ಹಿಡಿಸಲಿಲ್ಲ. "ಅದು ನನ್ನ ಬದಲು ಆಡುತ್ತೆ. ಇದು ನನಗೋಸ್ಕರ ಕಾಯುತ್ತೆ," ಎಂದರು.

ಕಾಯುವುದರ ಇನ್ನೊಂದು ಉಪಯೋಗ ನಮಗೆಲ್ಲರಿಗೂ ಗೊತ್ತಿರುವುದೇ. 'ಡಾರ್ಕ್ ಸೋಲ್ಸ್'ನಲ್ಲಿ ಆಟ ನಿಲ್ಲಿಸುವ ಗುಂಡಿಯೇ ಇಲ್ಲ, ಮೆನು ತೆರೆದರೂ ಶತ್ರು ಬರುತ್ತಲೇ ಇರುತ್ತಾನೆ. ಆನ್‌ಲೈನ್ ಆಟಗಳಲ್ಲೂ ಹಾಗೆಯೇ, ಮಧ್ಯದಲ್ಲಿ ಎದ್ದರೆ ತಂಡ ಬೈಯುತ್ತದೆ. ಮಗ್ರಿಬ್ ಅಝಾನ್ ಕೇಳಿಸಿದಾಗ "ಇದೊಂದು ಮುಗಿಸಿ ಬರ್ತೀನಿ" ಎಂದು ಅಮ್ಮಿಗೆ ಹೇಳಿದ ದಿನಗಳು ನನಗೂ ಇವೆ. ಸರದಿಯ ಆಟದಲ್ಲಿ ಆ ನೆಪಕ್ಕೆ ಜಾಗವಿಲ್ಲ. ಎದ್ದು ವುಝು ಮಾಡಿ, ನಮಾಝ್ ಮುಗಿಸಿ ಬಂದರೂ ಶತ್ರು ಎತ್ತಿದ ಕತ್ತಿ ಎತ್ತಿದಂತೆಯೇ ಇರುತ್ತದೆ.

ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು. ಆಟ ನಿಲ್ಲುತ್ತದೆ ಎಂದ ಮಾತ್ರಕ್ಕೆ ನಾವು ನಿಲ್ಲುತ್ತೇವೆ ಎಂದಲ್ಲ. "ಇನ್ನೊಂದೇ ಸರದಿ" ಎನ್ನುತ್ತಾ ರಾತ್ರಿ ಒಂದು ಗಂಟೆ ಮಾಡಿ, ಮರುದಿನದ ಕೆಮಿಸ್ಟ್ರಿ ಟೆಸ್ಟಿನಲ್ಲಿ ನಾನು ಪಡೆದ ಅಂಕ ಇಲ್ಲಿ ಬರೆಯುವಂಥದ್ದಲ್ಲ. ಹಾಗೆಯೇ ರಿಯಲ್-ಟೈಮ್ ಆಟದ ರೋಮಾಂಚನ ಸುಳ್ಳಲ್ಲ. ಕಷ್ಟಪಟ್ಟು ಕಲಿತ ಚಲನೆ ಸರಿಯಾದ ಕ್ಷಣಕ್ಕೆ ಕೈಯಿಂದ ತಾನಾಗಿ ಬಂದಾಗ ಆಗುವ ಖುಷಿ ಸರದಿಯ ಆಟದಲ್ಲಿ ಸಿಗದು. ನಾನು ಎರಡನ್ನೂ ಆಡುತ್ತೇನೆ. ಒಂದು ದೊಡ್ಡದು, ಒಂದು ಚಿಕ್ಕದು ಎಂದು ಮಾತ್ರ ಈಗ ಹೇಳುವುದಿಲ್ಲ.

ಹಿಂದಿನ ಬೆಂಚಿನ ಗೆಳೆಯನಿಗೆ ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲೇ ಓದಿಸಿದೆ. ಅವನು ಪೂರ್ತಿ ಒಪ್ಪಿಲ್ಲ. "ಮಳೆ ಬರಿಸಿ ಮಿಂಚು ಬಿಡೋದು ನಂಗೂ ಹೊಳೀತಿತ್ತು ಬಿಡು" ಎಂದ. ಭಾಯಿಗೆ ಹೇಳಿದೆ. ಬರುವ ಭಾನುವಾರ ಝುಹರ್ ಆದ ಮೇಲೆ ಅವನನ್ನು ಮನೆಗೆ ಕರೆದುಕೊಂಡು ಬರಲು ಹೇಳಿದ್ದಾರೆ. ಮೊದಲ ಸರದಿ ಅವನಿಗೇ ಕೊಡುತ್ತಾರಂತೆ.