ತೋನ್ಸೆಪಾರಿನ ಕಂಬಗಳು, ಬೆಂಗ್ರೆಯ ಅಳಿವೆ

ಮಲ್ಪೆಯ ಧಕ್ಕೆಗೆ ಬೆಳಿಗ್ಗೆ ಕಾಲಿಟ್ಟರೆ ಮೀನಿನ ವಾಸನೆ, ಡೀಸೆಲ್ ವಾಸನೆ, ಐಸ್ ಪುಡಿ ಮಾಡುವ ಯಂತ್ರದ ಸದ್ದು ಎಲ್ಲ ಒಟ್ಟಿಗೇ ಎದುರಾಗುತ್ತವೆ. ಘಟ್ಟದ ಮೇಲಿಂದ ಬಂದ ಮಕ್ಕಳು ಐದು ನಿಮಿಷ ಮೂಗು ಮುಚ್ಚಿಕೊಳ್ಳುತ್ತಾರೆ, ಅಷ್ಟೇ. ಆಮೇಲೆ ಅವರ ಕಣ್ಣು ಬುಟ್ಟಿಗಳ ಕಡೆ ತಿರುಗುತ್ತದೆ. ಬಂಗುಡೆಯ ಬೆನ್ನಿನ ನೀಲಿ ಪಟ್ಟೆ, ಬೂತಾಯಿಯ ಬೆಳ್ಳಿ ಮೈ, ಹತ್ತಾರು ಬೋಟುಗಳ ಮೇಲೆ ಒಣಗುವ ಹಸಿರು ಬಲೆ. ರಜೆಗೆ ಬರುವ ತಂಗಿಯ ಮಕ್ಕಳನ್ನು ನಾನು ಮೊದಲು ಕರೆದೊಯ್ಯುವುದು ಇಲ್ಲಿಗೇ. ಕೆಲಸದವರ ದಾರಿಗೆ ಅಡ್ಡ ಬಾರದಂತೆ ಬದಿಗೆ ನಿಂತು ಅರ್ಧ ಗಂಟೆ ನೋಡಿದರೆ ಸಾಕು, ಕಡಲು ಆಟದ ಜಾಗಕ್ಕಿಂತ ಮೊದಲು ದುಡಿಮೆಯ ಜಾಗ ಎನ್ನುವುದು ಅವರಿಗೆ ಹೇಳಿಕೊಡದೆಯೇ ತಿಳಿಯುತ್ತದೆ.

ಉಡುಪಿ ಕರಾವಳಿಗೆ ಬರುವ ಕುಟುಂಬಗಳು ಸಾಮಾನ್ಯವಾಗಿ ಒಂದೇ ದಿನದಲ್ಲಿ ಕಾಪುವಿನಿಂದ ಮರವಂತೆಯವರೆಗೆ ಓಡುತ್ತವೆ. ಮಕ್ಕಳು ಕಾರಿನಲ್ಲೇ ನಿದ್ದೆ ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ಊಟ ಮತ್ತು ನೆರಳು. ಇದಕ್ಕೆ ಮಲ್ಪೆಯಷ್ಟು ಅನುಕೂಲದ ಊರು ಈ ತೀರದಲ್ಲಿ ಬೇರೆ ಇಲ್ಲ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಇಂದ್ರಾಳಿಯ ಉಡುಪಿ ನಿಲ್ದಾಣದಲ್ಲಿ ಇಳಿದರೆ ಕಡಲು ಹತ್ತು ಕಿಲೋಮೀಟರೂ ದೂರವಿಲ್ಲ.

ಬೆಳಗಿನ ಜಾಗ ಸೇಂಟ್ ಮೇರಿಸ್ ದ್ವೀಪ. ಇಲ್ಲಿನವರ ಬಾಯಲ್ಲಿ ಅದು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂಬ ಪ್ರತೀತಿ ಇದೆ. ಮಲ್ಪೆಯಿಂದ ಬೋಟಿನಲ್ಲಿ ಅರ್ಧ ಗಂಟೆಯ ಹಾದಿ. ತೆಂಗಿನ ಮರಗಳ ತಲೆ ಮೊದಲು ಕಾಣುತ್ತದೆ, ಆಮೇಲೆ ಕಪ್ಪು ಬಂಡೆಗಳ ಸಾಲು. ದೂರದಿಂದ ಯಾರೋ ಸೌದೆ ಒಟ್ಟಿದಂತಿರುತ್ತದೆ. ಹತ್ತಿರ ಹೋದರೆ ಒಂದೊಂದೂ ಕಂಬ, ಉಳಿ ಹಿಡಿದು ಕಡೆದಂಥ ಕಂಬ.

ಇಲ್ಲಿ ಆತುರ ಬೇಡ. ಮಗುವಿನ ಬೆರಳನ್ನು ಒಂದು ಕಂಬದ ತಲೆಯ ಅಂಚಿನ ಮೇಲಿಟ್ಟು ಸುತ್ತ ಸವರಿಸಿ, ಮೂಲೆ ಎಣಿಸಲು ಹೇಳಿ. ಐದು, ಆರು, ಕೆಲವು ಕಡೆ ಏಳು. ಆರು ಮೂಲೆಯವೇ ಎದ್ದು ಕಾಣುತ್ತವೆ. ಕಳೆದ ಸಲ ನನ್ನ ಜತೆ ಬಂದಿದ್ದ ಎಂಟು ವರ್ಷದ ಹುಡುಗಿ ಒಂದು ಕಂಬದ ತಲೆಯಲ್ಲಿ ನಿಂತ ಉಪ್ಪುನೀರಿನಲ್ಲಿ ಉಗುರಿನಷ್ಟು ದೊಡ್ಡ ಏಡಿಯೊಂದನ್ನು ಕಂಡು ಕಾಲು ಗಂಟೆ ಕದಲಲಿಲ್ಲ. ನಾವೂ ಕದಲಲಿಲ್ಲ. "ಇದನ್ನು ಯಾರು ಕಟ್ಟಿದ್ದು?" ಎಂದು ಆಮೇಲೆ ಕೇಳಿದಳು.

ಯಾರೂ ಕಟ್ಟಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ನೆಲದೊಳಗಿನ ಬೆಂಕಿ ಲಾವಾ ಆಗಿ ಮೇಲೆ ಬಂತು. ಆಗ ಮಡಗಾಸ್ಕರ್ ನಮ್ಮ ಈ ಪಶ್ಚಿಮ ತೀರಕ್ಕೆ ಅಂಟಿಕೊಂಡಿತ್ತು. ಎರಡೂ ನೆಲ ಬೇರೆಯಾಗುವ ಕಾಲದ ಗುರುತೇ ಈ ಕಲ್ಲು. ಲಾವಾ ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಬೇಸಿಗೆಯಲ್ಲಿ ನೀರಾರಿದ ಗದ್ದೆಯ ಕೆಸರು ಹೇಗೆ ಬಿಲ್ಲೆಬಿಲ್ಲೆಯಾಗಿ ಒಡೆಯುತ್ತದೋ ಹಾಗೆ. ವ್ಯತ್ಯಾಸ ಇಷ್ಟೇ, ಗದ್ದೆಯ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ. ಇಲ್ಲಿ ಲಾವಾ ಮೇಲಿಂದ ಒಳಕ್ಕೆ ತಣಿದಂತೆಲ್ಲ ಬಿರುಕೂ ಅದರ ಹಿಂದೆಯೇ ಇಳಿಯುತ್ತ ಹೋಗಿ ಕಂಬಗಳಾದವು. ಗದ್ದೆ ಕಂಡ ಮಗುವಿಗೆ ಇದು ತಟ್ಟನೆ ಹೊಳೆಯುತ್ತದೆ. ಬೆಂಗಳೂರಿನ ಮಗುವಾದರೆ ಇನ್ನೊಂದು ಮಾತು ಹೇಳಬಹುದು: ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಬಂಡೆಯ ಪ್ರಾಯ ಸುಮಾರು 300 ಕೋಟಿ ವರ್ಷ. ಅದರ ಮುಂದೆ ತೋನ್ಸೆಪಾರ್ ತೊಟ್ಟಿಲ ಕೂಸು.

ದ್ವೀಪದಲ್ಲಿ ಮನೆಯಿಲ್ಲ, ವಸತಿಯಿಲ್ಲ. ಮರಳಿಗಿಂತ ಚಿಪ್ಪಿನ ಚೂರೇ ಹೆಚ್ಚು, ಬರಿಗಾಲಿಗೆ ಚುಚ್ಚುತ್ತದೆ. ಪಾಚಿ ಹಿಡಿದ ಕಲ್ಲು ಜಾರುತ್ತದೆ. ಹಾಗಾಗಿ ಹಿಡಿತವಿರುವ ಚಪ್ಪಲಿ ಬೇಕು, ಟೊಪ್ಪಿ ಬೇಕು. ನೀರಿಗಿಳಿಯಲು ಗುರುತು ಮಾಡಿದ ಕಡೆ ಬಿಟ್ಟು ಬೇರೆಲ್ಲೂ ಇಳಿಯಬಾರದು. ಬಂಡೆಯ ತುದಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಹುಚ್ಚನ್ನು ದೊಡ್ಡವರೇ ಮೊದಲು ಬಿಡಬೇಕು, ಆ ಕಲ್ಲುಗಳ ನಡುವೆ ತೆರೆ ಹೇಳದೆ ಕೇಳದೆ ಏರುತ್ತದೆ. ಮಳೆಗಾಲದಲ್ಲಿ ಕಡಲು ಕೆರಳಿರುವಾಗ ಬೋಟು ಹೋಗುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಬಂದರೆ ಬಿಸಿಲೂ ಹದ, ಕಡಲೂ ಹದ. ಒಯ್ದ ಬಾಟಲಿಯನ್ನು ಒಯ್ದವರೇ ಮರಳಿ ತರಬೇಕು. ಕೋಟ್ಯಂತರ ವರ್ಷ ಉಳಿದ ಕಲ್ಲಿನ ಸಂದಿಯಲ್ಲಿ ಚಿಪ್ಸ್ ಪೊಟ್ಟಣ ಕಂಡಾಗ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಉಡುಪಿ. ಮಠದಲ್ಲಿ ಊಟ, ರಥಬೀದಿಯಲ್ಲಿ ಒಂದು ಸುತ್ತು, ಮಕ್ಕಳಿಗೆ ಗಡ್‌ಬಡ್ ಐಸ್‌ಕ್ರೀಂ. ಬಿಸಿಲು ಇಳಿಯುವವರೆಗೆ ಮಲಗಿಸಿ.

ಸಂಜೆಗೆ ಎರಡು ದಾರಿಗಳಿವೆ, ಒಂದನ್ನೇ ಆರಿಸಿಕೊಳ್ಳಿ. ದಕ್ಷಿಣಕ್ಕೆ ಹೋದರೆ ಕಾಪು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇನ್ನೂ ಕೆಲಸದಲ್ಲಿದೆ. ಮೇಲೆ ಹೋಗಲು ಬಿಡುವ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಏರಿ ನಿಂತರೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಮುಗಿಯದ ತೆಂಗಿನ ತೋಟ.

ಚಿಕ್ಕ ಮಕ್ಕಳಿದ್ದರೆ ನಾನು ಉತ್ತರಕ್ಕೇ ಕಳಿಸುತ್ತೇನೆ, ಕೋಡಿಬೆಂಗ್ರೆಗೆ. ದಾರಿಯೇ ಅರ್ಧ ಸಂತೋಷ. ನೆಲ ಕಿರಿದಾಗುತ್ತ ಹೋಗುತ್ತದೆ, ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ರಸ್ತೆ ಮತ್ತು ಅಂಗಳದಲ್ಲಿ ಮೀನು ಒಣಗಿಸಿದ ಮನೆಗಳು. ಹೊಳೆಯ ನಡುವಿನ ದ್ವೀಪಗಳಿಗೆ ಇಲ್ಲಿ ಕುದ್ರು ಎನ್ನುತ್ತಾರೆ. ಕೆಮ್ಮಣ್ಣಿನ ಹತ್ತಿರ ತಿಮ್ಮಣ್ಣಕುದ್ರುವಿಗೆ ತೂಗುಸೇತುವೆ ಇದೆ. ರಸ್ತೆ ಮುಗಿದಲ್ಲಿ ಸುವರ್ಣೆಯೂ ಸೀತೆಯೂ ಕೂಡಿ ಕಡಲು ಸೇರುವ ಅಳಿವೆ.

ಅದೃಷ್ಟವಿದ್ದರೆ ಈ ತೀರದಲ್ಲಿ ಕೈರಂಪಣಿ ಎಳೆಯುವುದನ್ನೂ ನೋಡಬಹುದು. ಬಲೆಯ ಒಂದು ತುದಿಯನ್ನು ದಡದಲ್ಲೇ ಉಳಿಸಿ, ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಸುತ್ತಿ ಬಂದು, ಆಮೇಲೆ ಎರಡೂ ಕಡೆಯಿಂದ ಹತ್ತಾರು ಜನ ಹಗ್ಗ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ಯಂತ್ರದ ಬೋಟುಗಳು ಬಂದ ಮೇಲೆ ಇದು ಅಪರೂಪ. ಒಮ್ಮೆ ಒಬ್ಬ ಹಿರಿಯರು ನಮ್ಮ ಹುಡುಗನನ್ನು ಕರೆದು ಹಗ್ಗದ ತುದಿ ಕೊಟ್ಟರು. ಅವನು ಎಳೆದದ್ದು ಎಷ್ಟೋ, ಅಂಗೈ ಮಾತ್ರ ಕೆಂಪಾಗಿತ್ತು. ಊಟಕ್ಕೆ ಕೂತಾಗಲೂ ಅದನ್ನು ಎಲ್ಲರಿಗೂ ತೋರಿಸಿದ.

ಅಳಿವೆಯಲ್ಲಿ ಈಜಬಾರದು, ಒಳಸೆಳೆತ ಬಲು ಜೋರು. ಕೂತು ನೋಡುವ ಜಾಗ ಅದು. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ನುಗ್ಗುವಾಗ ಎರಡರ ನಡುವೆ ನೊರೆಯ ಗೆರೆಯೊಂದು ಎದ್ದು ನಿಲ್ಲುತ್ತದೆ. ಭರತದ ಹೊತ್ತಿಗೆ ಅದೇ ಗೆರೆ ಒಳಕ್ಕೆ ಸರಿಯುತ್ತದೆ. ಮಕ್ಕಳು ಮರಳಿನಲ್ಲಿ ಕೋಲು ನೆಟ್ಟು ನೀರು ಎಲ್ಲಿಯವರೆಗೆ ಬಂತೆಂದು ಅಳೆಯುತ್ತಾರೆ. ಆಚೆ ದಡದ ಹಂಗಾರಕಟ್ಟೆಯಲ್ಲಿ ದೀಪ ಹೊತ್ತಿಕೊಳ್ಳುವವರೆಗೂ ಆ ಆಟ ನಡೆಯುತ್ತದೆ.